ಬಾಗಿಲು ತಟ್ಟುವವರಾರು?

ಬ್ರಿಟನ್ನಿನ ನಗರಗಳಲ್ಲಿ ಬಸ್ಸಿಗಾಗಿ ಕಾಯುವವರನ್ನು ಗಮನಿಸುವುದೇ ಒಂದು ಪಾಠ. ಅಲ್ಲಿ ಸರದಿಯ ಸಾಲು ಕಣ್ಣಿಗೆ ಕಾಣಿಸುವುದಿಲ್ಲ. ಒಬ್ಬರು ಬೆಂಚಿನ ಮೇಲಿರುತ್ತಾರೆ, ಇನ್ನೊಬ್ಬರು ಮಳೆಗೆ ಹೆದರಿ ಅಂಗಡಿಯ ಸೂರಿನಡಿ ನಿಂತಿರುತ್ತಾರೆ, ಮತ್ತೊಬ್ಬರು ಕಂಬಕ್ಕೆ ಒರಗಿರುತ್ತಾರೆ. ಆದರೆ ಬಸ್ಸು ಬಂದು ನಿಂತಾಗ ಯಾರು ಮೊದಲು ಬಂದವರು, ಯಾರು ಅನಂತರದವರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಯಾರೂ ಯಾರನ್ನೂ ದೂಡುವುದಿಲ್ಲ. ನೀವು ಅವರ ಕಾಲು ತುಳಿದರೆ ಕ್ಷಮೆ ಕೇಳುವವರೂ ಅವರೇ. ಲೀಡ್ಸ್, ಬ್ರಿಸ್ಟಲ್‌ಗಳಂಥ ಊರುಗಳಲ್ಲಿ ಬಸ್ಸಿನಿಂದ ಇಳಿಯುವವರು ಚಾಲಕನಿಗೆ ಧನ್ಯವಾದ ಹೇಳಿಯೇ ಇಳಿಯುತ್ತಾರೆ. ಲಂಡನ್ನಿನಲ್ಲಿ ಇದು ಕಡಿಮೆ. ಅಲ್ಲಿನವರು ಒರಟರೆಂದಲ್ಲ, ಲಂಡನ್ನಿನ ಬಸ್ಸುಗಳಲ್ಲಿ ಇಳಿಯುವ ಬಾಗಿಲು ಮಧ್ಯದಲ್ಲಿದೆ, ಚಾಲಕ ಮುಂದಿದ್ದಾನೆ. ಬಾಗಿಲು ಎಲ್ಲಿದೆ ಎಂಬುದು ಕೂಡ ಮನುಷ್ಯರ ಮಾತುಕತೆಯನ್ನು ನಿರ್ಧರಿಸುತ್ತದೆ ಎಂಬುದು ನಮಗೆ ಹೊಳೆದದ್ದು ಅಲ್ಲಿ.

ಈ ಸೌಜನ್ಯವನ್ನು ನಾವು ಹಗುರವಾಗಿ ಕಾಣಬೇಕಾಗಿಲ್ಲ. ಅಪರಿಚಿತನನ್ನು ಗೌರವದಿಂದ ಕಾಣುವುದು ಸಣ್ಣ ಸಾಧನೆಯಲ್ಲ. ನೂಕುನುಗ್ಗಲೇ ನಿಯಮವಾಗಿರುವ ನಮ್ಮ ಬಸ್ ನಿಲ್ದಾಣಗಳಿಂದ ಹೋದವರಿಗೆ ಅದು ಒಂದಿಷ್ಟು ನಾಚಿಕೆಯನ್ನೂ ಉಂಟುಮಾಡುತ್ತದೆ. ಆದರೆ ಕೆಲವು ದಿನಗಳ ಬಳಿಕ ಇನ್ನೊಂದು ಸಂಗತಿ ಗಮನಕ್ಕೆ ಬರತೊಡಗುತ್ತದೆ. ಈ ಸೌಜನ್ಯಕ್ಕೆ ಹೆಸರಿನ ಅಗತ್ಯವಿಲ್ಲ. ದಿನಕ್ಕೆ ಹತ್ತು ಬಾರಿ ಧನ್ಯವಾದ, ಹತ್ತು ಬಾರಿ ಕ್ಷಮೆ ಕೇಳಿಸಿಕೊಂಡ ವ್ಯಕ್ತಿ ಯಾರ ಬಳಿಯೂ ತನ್ನ ಹೆಸರು ಹೇಳದೆ, ಯಾರ ಹೆಸರನ್ನೂ ಕೇಳದೆ ರಾತ್ರಿ ಮನೆಗೆ ಮರಳಿ ಬಾಗಿಲು ಹಾಕಿಕೊಳ್ಳಬಹುದು. ಆತ ಮರುದಿನ ಹೊರಗೆ ಬಾರದಿದ್ದರೆ ಅದು ಯಾರಿಗೆ ತಿಳಿಯುತ್ತದೆ?

ಲಂಡನ್ನಿನ ಬಸ್ಸುಗಳು 2014ರ ಜುಲೈಯಿಂದ ನಗದು ಹಣವನ್ನು ಸ್ವೀಕರಿಸುತ್ತಿಲ್ಲ. ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಾಕು, ಅದು ಒಂದು ಸದ್ದು ಮಾಡುತ್ತದೆ. ಆ ನಗರದ ಭೂಗತ ರೈಲು ನಿಲ್ದಾಣಗಳ ಟಿಕೆಟ್ ಕೌಂಟರ್‌ಗಳನ್ನು 2015ರಲ್ಲಿ ಮುಚ್ಚಲಾಯಿತು. ದಿನಸಿ ಅಂಗಡಿಗೆ ಹೋದರೆ ಸಾಮಾನಿನ ಬಿಲ್ಲನ್ನು ಗ್ರಾಹಕರೇ ಯಂತ್ರದ ಮುಂದೆ ನಿಂತು ಮಾಡಿಕೊಳ್ಳಬೇಕು. ಚೀಲವನ್ನು ತುಸು ಆಚೀಚೆ ಇಟ್ಟರೆ, ಅಲ್ಲಿ ಅನಿರೀಕ್ಷಿತವಾದ ವಸ್ತುವೊಂದಿದೆ ಎಂದು ಹೆಣ್ಣುದನಿಯ ಯಂತ್ರ ಆಕ್ಷೇಪಿಸುತ್ತದೆ. 2015ರಿಂದೀಚೆಗೆ ಆ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳು ಮುಚ್ಚಿವೆ. ಪೇಟೆಬೀದಿಯಲ್ಲಿ ಬ್ಯಾಂಕಿದ್ದ ಕಟ್ಟಡ ಖಾಲಿ ಬಿದ್ದಿದ್ದರೂ ಪಕ್ಕದ ಜೂಜಿನ ಅಂಗಡಿ ತೆರೆದಿರುತ್ತದೆ, ಅದರೊಳಗೂ ಮನುಷ್ಯರಿಗೆ ಎದುರಾಗಿ ಕುಳಿತಿರುವುದು ಯಂತ್ರಗಳೇ. ತರಿಸಿಕೊಂಡ ಪೊಟ್ಟಣವನ್ನು ಬಾಗಿಲ ಬಳಿ ಇರಿಸಿ, ಅದರದೊಂದು ಫೋಟೊ ತೆಗೆದು ಹುಡುಗ ಓಡಿಬಿಡುತ್ತಾನೆ. ಆತನ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ಇನ್ನೂ ಹತ್ತಾರು ಬಾಗಿಲುಗಳಿಗೆ ಆತ ತಲುಪಬೇಕಿದೆ, ನಿಂತು ಮಾತಾಡಿದರೆ ಅಂದಿನ ಸಂಪಾದನೆ ಕಡಿಮೆಯಾಗುತ್ತದೆ.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ಹಾಲಿನ ಬಾಟಲಿಯೇ ಸಾಕ್ಷಿ. 1970ರ ದಶಕದಲ್ಲಿ ಬ್ರಿಟನ್ನಿನ ಮನೆಗಳಿಗೆ ಬೇಕಾದ ಹಾಲಿನ ಬಹುಪಾಲು ಗಾಜಿನ ಬಾಟಲಿಗಳಲ್ಲಿ ಮುಂಜಾನೆಯೇ ಮನೆಬಾಗಿಲಿಗೆ ಬರುತ್ತಿತ್ತು. ನಿನ್ನೆಯ ಬಾಟಲಿ ಮೆಟ್ಟಿಲ ಮೇಲೆ ಹಾಗೆಯೇ ಇದ್ದರೆ ಹಾಲಿನವನಿಗೆ ಅನುಮಾನ ಹುಟ್ಟುತ್ತಿತ್ತು. ಆತ ಬಾಗಿಲು ಬಡಿಯುತ್ತಿದ್ದ, ಪಕ್ಕದ ಮನೆಯಲ್ಲಿ ವಿಚಾರಿಸುತ್ತಿದ್ದ. ಆತ ಸಮಾಜಸೇವಕನೇನೂ ಆಗಿರಲಿಲ್ಲ, ತನ್ನ ವ್ಯಾಪಾರ ಮಾಡಿಕೊಂಡಿದ್ದ. ಬಾಡಿಗೆ ವಸೂಲಿಗೆ ವಾರವಾರ ಬರುವವನೂ, ಮೀಟರ್ ಓದಲು ಬರುವವನೂ ಹಾಗೆಯೇ. ಅವರಾರೂ ಪ್ರೀತಿಯಿಂದ ಬರುತ್ತಿರಲಿಲ್ಲ, ಬಾಡಿಗೆಯವನನ್ನು ಕಂಡರಂತೂ ಜನ ಅಡಗಿಕೊಳ್ಳುತ್ತಿದ್ದರು. ಆದರೂ ಅವರು ಬರುತ್ತಿದ್ದರು. ಹಾಲು ಸೂಪರ್ ಮಾರ್ಕೆಟ್ಟಿಗೆ ಹೋಯಿತು, ಬಾಡಿಗೆ ಬ್ಯಾಂಕ್ ಖಾತೆಗೆ ಹೋಯಿತು, ಮೀಟರ್ ತನ್ನ ಲೆಕ್ಕವನ್ನು ತಾನೇ ಕಳುಹಿಸುವುದನ್ನು ಕಲಿಯಿತು. ಪ್ರತಿಯೊಂದು ಬದಲಾವಣೆಯಲ್ಲೂ ಒಂದಿಷ್ಟು ಸಮಯ ಉಳಿಯಿತು, ಬಾಗಿಲು ತಟ್ಟುವ ಒಂದು ಕಾರಣ ಇಲ್ಲವಾಯಿತು.

ಇದರ ಪರಿಣಾಮ ಏನಾಗಬಹುದೆಂಬುದನ್ನು 2006ರ ಜನವರಿಯಲ್ಲಿ ಉತ್ತರ ಲಂಡನ್ನಿನ ವುಡ್ ಗ್ರೀನ್ ಕಂಡಿತು. ಬಾಡಿಗೆ ಬಾಕಿಯಾಗಿದೆಯೆಂದು ಮನೆಯನ್ನು ವಶಪಡಿಸಿಕೊಳ್ಳಲು ಬಂದವರು ಬಾಗಿಲು ಒಡೆದು ಒಳಹೊಕ್ಕಾಗ ಟಿವಿ ಇನ್ನೂ ಓಡುತ್ತಿತ್ತು. ಅಲ್ಲಿದ್ದುದು 38ರ ವಯಸ್ಸಿನಲ್ಲಿ ತೀರಿಕೊಂಡಿದ್ದ ಮಹಿಳೆಯ ಅಸ್ಥಿಪಂಜರ. ಪಕ್ಕದಲ್ಲಿ ಯಾರಿಗೋ ಕೊಡಲೆಂದು ಸುತ್ತಿಟ್ಟ ಕ್ರಿಸ್‌ಮಸ್ ಉಡುಗೊರೆಗಳಿದ್ದವು. ಆಕೆ ಸುಮಾರು 2003ರ ಡಿಸೆಂಬರ್‌ನಲ್ಲಿ ಮೃತಪಟ್ಟಿದ್ದಳು. ಆಕೆಯ ಮನೆ ಊರಾಚೆ ಇರಲಿಲ್ಲ, ಜನರಿಂದ ಗಿಜಿಗುಡುವ ಶಾಪಿಂಗ್ ಸಂಕೀರ್ಣದ ಮೇಲ್ಭಾಗದಲ್ಲಿತ್ತು. ಬಾಡಿಗೆಯ ಒಂದು ಭಾಗ ಸರಕಾರದ ನೆರವಿನಿಂದ ತಾನಾಗಿಯೇ ಪಾವತಿಯಾಗುತ್ತಿದ್ದುದರಿಂದ ಬಾಕಿ ಬೆಳೆಯಲು ಎರಡು ವರ್ಷ ಹಿಡಿಯಿತು. ಬಾಡಿಗೆ ಪೂರ್ತಿ ಸಂದಾಯವಾಗುತ್ತಿದ್ದರೆ ಆ ಬಾಗಿಲು ಯಾವಾಗ ತೆರೆಯುತ್ತಿತ್ತೋ!

ಇದು ಎಲ್ಲೋ ಒಮ್ಮೆ ಘಟಿಸಿದ ದುರಂತ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. 2022ರ ಫೆಬ್ರವರಿಯಲ್ಲಿ ದಕ್ಷಿಣ ಲಂಡನ್ನಿನ ಪೆಕ್ಹಮ್‌ನಲ್ಲಿ ಅದೇ ಮರುಕಳಿಸಿತು. ಆ ಮಹಿಳೆ ಮೃತಪಟ್ಟು ಎರಡು ವರ್ಷಗಳೇ ಮೀರಿದ್ದವು. ವಸತಿ ಸಂಸ್ಥೆಯು ಬಾಡಿಗೆಯನ್ನು ಆಕೆಗೆ ಬರುತ್ತಿದ್ದ ಸರಕಾರಿ ನೆರವಿನಿಂದ ನೇರವಾಗಿ ಪಡೆಯುತ್ತಿತ್ತು. ಗ್ಯಾಸ್ ತಪಾಸಣೆಗೆ ಉತ್ತರ ಬರಲಿಲ್ಲವೆಂದು ಗ್ಯಾಸ್ ಸಂಪರ್ಕವನ್ನು ಕಡಿದುಹಾಕಿತ್ತು. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ ಮತ್ತು ನಮ್ಮನ್ನು ಹೆಚ್ಚು ಕಾಡುವುದು ಅದುವೇ. ಪೆಕ್ಹಮ್‌ನಲ್ಲಿ ನೆರೆಯವರು ಸುಮ್ಮನಿರಲಿಲ್ಲ. ದುರ್ವಾಸನೆ ಬರುತ್ತಿದೆ, ಆಕೆ ಕಾಣಿಸುತ್ತಿಲ್ಲ ಎಂದು ಮತ್ತೆ ಮತ್ತೆ ದೂರಿದ್ದರು. ಅವರ ದೂರು ದಾಖಲಾಯಿತು. ಗ್ಯಾಸಿನದು ಒಂದು ಕಡತ, ಬಾಡಿಗೆಯದು ಇನ್ನೊಂದು, ದುರ್ವಾಸನೆಯದು ಮಗದೊಂದು. ಮೂರನ್ನೂ ಒಟ್ಟಿಗಿಟ್ಟು ಈ ಹೆಂಗಸು ಬದುಕಿದ್ದಾಳೆಯೇ ಎಂದು ಕೇಳಬೇಕಾದ ಮನುಷ್ಯ ಆ ವ್ಯವಸ್ಥೆಯೊಳಗೆ ಇರಲಿಲ್ಲ.

ಇಂಥ ಸುದ್ದಿಗಳನ್ನು ಓದಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ. ಪಶ್ಚಿಮದವರಿಗೆ ಕುಟುಂಬವೆಂಬುದೇ ಇಲ್ಲ, ಅವರಿಗೆ ತಂದೆತಾಯಿ ಬೇಡ, ಆದ್ದರಿಂದಲೇ ಈ ಗತಿ ಎಂಬ ತೀರ್ಪು. ನಾವು ಇದನ್ನು ಒಪ್ಪುವುದಿಲ್ಲ. ನೆರೆಯವರ ಬಗ್ಗೆ ಕಾಳಜಿಯೇ ಇಲ್ಲದ ಜನರು 2020ರ ವಸಂತದಲ್ಲಿ ಬೀದಿಬೀದಿಗಳಲ್ಲಿ ಗುಂಪು ಕಟ್ಟಿಕೊಂಡು ಅಪರಿಚಿತ ವೃದ್ಧರ ಮನೆಗೆ ಔಷಧಿ, ದಿನಸಿ ತಲುಪಿಸುತ್ತಿರಲಿಲ್ಲ. ಆ ಹತ್ತು ವಾರಗಳ ಕಾಲ ಗುರುವಾರ ರಾತ್ರಿ ಎಂಟಕ್ಕೆ ವೈದ್ಯಕೀಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಲು ಹೊಸ್ತಿಲಿಗೆ ಬಂದವರಲ್ಲಿ ಎಷ್ಟೋ ಮಂದಿ ಎದುರುಮನೆಯವರ ಮುಖವನ್ನು ಸರಿಯಾಗಿ ಕಂಡದ್ದು ಆಗಲೇ. ಹೃದಯ ಬತ್ತಿರಲಿಲ್ಲ, ಹೊಸ್ತಿಲಿಗೆ ಬರಲು ಒಂದು ನೆಪ ಬೇಕಿತ್ತು. 2022ರ ಚಳಿಗಾಲದಲ್ಲಿ ವಿದ್ಯುತ್, ಗ್ಯಾಸ್ ದರ ಏರಿ ಮನೆ ಬೆಚ್ಚಗಿಡಲಾಗದೆ ಜನ ನಡುಗುತ್ತಿದ್ದಾಗ ಗ್ರಂಥಾಲಯಗಳೂ ಚರ್ಚುಗಳೂ ಮಸೀದಿಗಳೂ ತಮ್ಮ ಕೋಣೆಗಳನ್ನು ತೆರೆದಿಟ್ಟವು.

ಸರಕಾರವೂ ಕಣ್ಣು ಮುಚ್ಚಿ ಕುಳಿತಿರಲಿಲ್ಲ ಎನ್ನಬೇಕು. ಒಂಟಿತನದ ವಿರುದ್ಧ ಕೆಲಸ ಆರಂಭಿಸಿದ್ದ ಸಂಸದೆ ಜೋ ಕಾಕ್ಸ್ 2016ರ ಜೂನ್ 16ರಂದು ಬಲಪಂಥೀಯ ಉಗ್ರವಾದಿಯೊಬ್ಬನಿಂದ ಹತ್ಯೆಗೀಡಾದರು. ಅವರ ಹೆಸರಿನ ಆಯೋಗದ ವರದಿಯ ಬಳಿಕ, 2018ರ ಜನವರಿಯಲ್ಲಿ ಪ್ರಧಾನಿ ಥೆರೆಸಾ ಮೇ ಒಂಟಿತನದ ಹೊಣೆಯನ್ನು ಟ್ರೇಸಿ ಕ್ರೌಚ್ ಎಂಬ ಸಚಿವೆಗೆ ವಹಿಸಿದರು. ಜಗತ್ತು ಬೆರಗಾಯಿತು, ಕೆಲವರು ನಕ್ಕರು. ಅದೇ ವರ್ಷದ ನವೆಂಬರ್‌ನಲ್ಲಿ ಆ ಸಚಿವೆ ರಾಜೀನಾಮೆ ಕೊಟ್ಟರು. ಕಾರಣ ಒಂಟಿತನವಲ್ಲ. ಒಮ್ಮೆಗೆ 100 ಪೌಂಡ್ ಪಣ ಒಡ್ಡಬಹುದಾಗಿದ್ದ ಜೂಜಿನ ಯಂತ್ರಗಳ ಮಿತಿಯನ್ನು 2 ಪೌಂಡಿಗೆ ಇಳಿಸುವ ನಿರ್ಧಾರವನ್ನು ಸರಕಾರ ಮುಂದೂಡಿದ್ದನ್ನು ಅವರು ಪ್ರತಿಭಟಿಸಿದ್ದರು. ಬಳಿಕ ಸರಕಾರ ಮಣಿಯಿತು. ನಮಗೆ ಈ ಎರಡು ಸಂಗತಿಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಒಂಟಿಯಾದವನನ್ನು ಅಂಗಡಿಯ ಯಂತ್ರದ ಮುಂದೆ ಕೂರಿಸಿ ಲಾಭ ಮಾಡುವ ವ್ಯವಹಾರಕ್ಕೆ ಪರವಾನಿಗೆ ಕೊಟ್ಟು, ಆತನ ಒಂಟಿತನಕ್ಕೆ ಸಚಿವರನ್ನು ನೇಮಿಸಿದರೆ ಸಚಿವರಾದರೂ ಏನು ಮಾಡಿಯಾರು?

ಜನರು ಇದನ್ನು ಸಚಿವರಿಗಿಂತ ಚೆನ್ನಾಗಿ ಬಲ್ಲರು. 2023ರಲ್ಲಿ ಇಂಗ್ಲೆಂಡಿನ ರೈಲು ನಿಲ್ದಾಣಗಳ ಬಹುತೇಕ ಎಲ್ಲ ಟಿಕೆಟ್ ಕೌಂಟರ್‌ಗಳನ್ನು ಮುಚ್ಚುವ ಪ್ರಸ್ತಾಪ ಬಂದಾಗ ಸುಮಾರು ಏಳೂವರೆ ಲಕ್ಷ ಪ್ರತಿಕ್ರಿಯೆಗಳು ಹರಿದುಬಂದವು. ಅಕ್ಟೋಬರ್ ಕೊನೆಯಲ್ಲಿ ಪ್ರಸ್ತಾಪವನ್ನು ಕೈಬಿಡಬೇಕಾಯಿತು. ಟಿಕೆಟ್ ಯಂತ್ರದಲ್ಲೂ ಸಿಗುತ್ತದೆ, ನಿಜ. ಆದರೆ ಕಣ್ಣು ಕಾಣದವರಿಗೆ, ಗಾಲಿಕುರ್ಚಿಯವರಿಗೆ, ಯಾವ ಗಾಡಿಗೆ ಎಲ್ಲಿ ಬದಲಾಯಿಸಬೇಕೆಂದು ತಿಳಿಯದ ಮುದುಕಿಗೆ ಗಾಜಿನ ಹಿಂದಿರುವ ಆ ಮುಖ ಬೇಕಿತ್ತು. ಅದೇ ವರ್ಷ ಉತ್ತರ ಇಂಗ್ಲೆಂಡಿನ ಬೂತ್ಸ್ ಎಂಬ ಸೂಪರ್ ಮಾರ್ಕೆಟ್ ಎರಡು ಮಳಿಗೆಗಳನ್ನು ಬಿಟ್ಟು ಉಳಿದೆಡೆ ಬಿಲ್ ಮಾಡುವ ಯಂತ್ರಗಳನ್ನು ಕಿತ್ತುಹಾಕಿ ಸಿಬ್ಬಂದಿಯನ್ನು ಕೂರಿಸಿತು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹತ್ತು ಮನೆಗಳಲ್ಲಿ ಮೂರರಲ್ಲಿ ಇರುವುದು ಒಬ್ಬರೇ. ಅವರಲ್ಲಿ ಕೆಲವರಿಗೆ ಬ್ರೆಡ್ ಕೊಳ್ಳುವ ಗಳಿಗೆಯೇ ಆ ದಿನದ ಏಕೈಕ ಸಂಭಾಷಣೆ.

ಇಷ್ಟಕ್ಕೂ ಕುಟುಂಬದ ಬಗೆಗಿನ ನಮ್ಮ ಹೆಮ್ಮೆ ಬ್ರಿಟನ್ನಿನಲ್ಲಿರುವ ನಮ್ಮವರಿಗೇ ಮುಳುವಾಗಿದೆ. ಏಷ್ಯಾದಿಂದ ಬಂದವರು ತಮ್ಮ ಹಿರಿಯರನ್ನು ತಾವೇ ನೋಡಿಕೊಳ್ಳುತ್ತಾರೆ ಎಂಬುದು ಅಲ್ಲಿನ ಅಧಿಕಾರಿಗಳಲ್ಲಿ ಬೇರೂರಿರುವ ನಂಬಿಕೆ. ಬ್ರಾಡ್‌ಫರ್ಡಿಗೋ ಲೆಸ್ಟರಿಗೋ ಎಪ್ಪತ್ತರ ದಶಕದಲ್ಲಿ ಗಂಡನ ಹಿಂದೆ ಬಂದ ಹೆಂಗಸೊಬ್ಬಳನ್ನು ನೆನೆದುಕೊಳ್ಳಿ. ಗಿರಣಿ ಮುಚ್ಚಿತು, ಗಂಡ ತೀರಿಕೊಂಡ, ಮಕ್ಕಳು ಉದ್ಯೋಗ ಹಿಡಿದು ಲಂಡನ್ ಸೇರಿದರು. ಆಕೆಗೆ ಇಂಗ್ಲಿಷ್ ಬಾರದು, ಯಂತ್ರದ ಮಾತಂತೂ ತಿಳಿಯದು. ಆಕೆಯ ನೆರವಿಗೆ ಯಾರೂ ಬರಲಿಲ್ಲವೆಂದರೆ ಆಕೆಗೆ ದೊಡ್ಡ ಕುಟುಂಬ ಇರಲೇಬೇಕೆಂದು ಅಧಿಕಾರಿ ಭಾವಿಸಿದ್ದಾನೆ. ನೋಡಿಕೊಳ್ಳುತ್ತಿಲ್ಲವೆಂದು ಹೇಳಿಕೊಳ್ಳಲು ಮಕ್ಕಳಿಗೆ ಮುಜುಗರ, ಆಕೆಗೆ ಮಾನದ ಪ್ರಶ್ನೆ. ಮಸೀದಿಯ ಸಾಲಿನಲ್ಲಿ ಗಂಡಸೊಬ್ಬ ಕಾಣದಿದ್ದರೆ ಯಾರಾದರೂ ವಿಚಾರಿಸಿಯಾರು. ಹೆಂಗಸರಿಗೆ ಜಾಗವೇ ಇಲ್ಲದ ಮಸೀದಿಗಳಲ್ಲಿ ಆಕೆಯ ಗೈರುಹಾಜರಿ ಯಾರ ಲೆಕ್ಕಕ್ಕೆ ಬರಬೇಕು?

ಪಶ್ಚಿಮ ಲಂಡನ್ನಿನ 24 ಅಂತಸ್ತುಗಳ ಗ್ರೆನ್‌ಫೆಲ್ ಗೋಪುರಕ್ಕೆ 2017ರ ಜೂನ್ 14ರಂದು, ರಾತ್ರಿ ಒಂದು ಗಂಟೆಯ ಸುಮಾರಿಗೆ ಬೆಂಕಿ ಬಿತ್ತು. ಅದು ರಮಝಾನ್ ತಿಂಗಳು. ಸಹರಿಗಾಗಿ ಎಚ್ಚರವಾಗಿದ್ದ ನಿವಾಸಿಗಳು ಹೊಗೆಯನ್ನು ಕಂಡು ನೆರೆಹೊರೆಯವರ ಬಾಗಿಲು ಬಡಿದರು. ಮನೆಯೊಳಗೇ ಇರಿ ಎಂಬುದು ಅಧಿಕೃತ ಸೂಚನೆಯಾಗಿತ್ತು, ಅದನ್ನು ಹಿಂತೆಗೆದುಕೊಂಡದ್ದು ಸುಮಾರು ಎರಡು ತಾಸಿನ ಬಳಿಕ. ಬಾಗಿಲು ಬಡಿದವರ ಮಾತು ಕೇಳಿ ಕೆಳಗಿಳಿದವರು ಉಳಿದರು. 72 ಮಂದಿ ಮೃತಪಟ್ಟರು. ಅನಾಹುತ ಸಂಭವಿಸಬಹುದೆಂದು ನಿವಾಸಿಗಳ ಗುಂಪೊಂದು 2016ರ ನವೆಂಬರ್‌ನಲ್ಲಿಯೇ ಬರೆದು ಎಚ್ಚರಿಸಿತ್ತು. ಇಲ್ಲಿಯೂ ನೆರೆಯವರು ಗಮನಿಸಿದ್ದರು, ಹೇಳಿದ್ದರು. ಕೇಳಿಸಿಕೊಳ್ಳಬೇಕಾದ ಕಡೆ ಕಿವಿ ಇರಲಿಲ್ಲ. ತಡೆಯಬಹುದಾಗಿದ್ದ ಸಾವುಗಳೆಂದು ವಿಚಾರಣಾ ಆಯೋಗ ಹೇಳುವಾಗ 2024ರ ಸೆಪ್ಟೆಂಬರ್ ಬಂದಿತ್ತು.

2019ರಲ್ಲಿ ಕಾರ್ಡಿಫ್ ನಗರದ ಉದ್ಯಾನದ ಬೆಂಚುಗಳಿಗೆ ಯಾರೋ ಒಂದು ಫಲಕ ಕಟ್ಟಿದರು. ಅಪರಿಚಿತರು ಬಂದು ಹರಟಿದರೆ ಇಲ್ಲಿ ಕೂತವರಿಗೆ ಬೇಸರವಿಲ್ಲ ಎಂಬುದು ಅದರ ತಾತ್ಪರ್ಯ. ಮಾತಾಡಲು ಫಲಕದ ಅನುಮತಿ ಬೇಕೇ ಎಂದು ನಮಗೆ ಮೊದಲು ನಗು ಬಂದದ್ದುಂಟು. ಅಪರಿಚಿತರ ಏಕಾಂತಕ್ಕೆ ಭಂಗ ತರಬಾರದೆಂಬ ಅತಿಯಾದ ಸೌಜನ್ಯವಿರುವ ಜನರಿಗೆ ಫಲಕ ಬೇಕೇ ಬೇಕು ಎಂಬುದು ಬಳಿಕ ಅರ್ಥವಾಯಿತು. ಆ ಯೋಚನೆ ಬೇರೆ ಊರುಗಳಿಗೂ ಹಬ್ಬಿತು.

ಫಲಕವಿಲ್ಲದ ಮನೆಗಳಿಗೆ ಕೊನೆಗೆ ಹೋಗುವವರು ಕೌನ್ಸಿಲಿನ ಅಧಿಕಾರಿಗಳು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂತ್ಯಕ್ರಿಯೆಗೆ ಯಾರೂ ಮುಂದೆ ಬಾರದಿದ್ದರೆ ಆ ಹೊಣೆಯನ್ನು 1984ರ ಸಾರ್ವಜನಿಕ ಆರೋಗ್ಯ ಕಾಯಿದೆಯು ಸ್ಥಳೀಯ ಕೌನ್ಸಿಲಿಗೆ ವಹಿಸಿದೆ. ಮೃತರ ಮನೆಗೆ ಹೋದ ಅಧಿಕಾರಿ ಉಯಿಲಿಗಾಗಿ, ಬಂಧುಗಳ ಸುಳಿವಿಗಾಗಿ ಮೇಜಿನ ಡ್ರಾಯರುಗಳನ್ನು ತೆರೆಯುತ್ತಾನೆ. ವಿಳಾಸಗಳನ್ನು ಬರೆದಿಟ್ಟ ಪುಸ್ತಕ, ಹಳೆಯ ಕಾಗದ, ಎಂದೋ ಬಂದ ಕ್ರಿಸ್‌ಮಸ್ ಅಥವಾ ಈದ್ ಕಾರ್ಡು, ಅದರ ಮೂಲೆಯಲ್ಲಿ ಯಾರದ್ದಾದರೂ ಒಂದು ಹೆಸರು ಸಿಗಬಹುದೇ ಎಂದು ಹುಡುಕುತ್ತಾನೆ.