ಫಾರ್ಮ್ಯಾಟ್ ಅಂದ್ರ ರಿಪೇರಿ ಅಲ್ಲ

1/7
ಲ್ಯಾಪ್‌ಟಾಪ್ ಸ್ಲೋ ಆತು. ಅಂಗಡಿಗೆ ಒಯ್ದ್ರಿ. ಅಂವ ಎರಡು ನಿಮಿಷ ನೋಡಿ ಏನಂದ? "ಫಾರ್ಮ್ಯಾಟ್ ಹೊಡೀಬೇಕು." ನೀವೇನಂದ್ರಿ? "ಸಂಜೀಕ ಸಿಗತೈತೇನ್ರಿ ಅಣ್ಣಾ?"

ಮಾತುಕತೆ ಮುಗೀತು. ಹಾನಗಲ್ಲಿಗೆ ಹೋಗ್ರಿ, ಶಿಗ್ಗಾಂವಿಗೆ ಹೋಗ್ರಿ, ಸವಣೂರು, ಹಿರೇಕೆರೂರು ಎಲ್ಲೇ ಹೋಗ್ರಿ, ಇದಕ್ಕಿಂತ ಉದ್ದ ಆಗೂದಿಲ್ಲ. ವೈರಸ್ ಬಂದ್ರೂ ಫಾರ್ಮ್ಯಾಟ್, ಪಾಸ್‌ವರ್ಡ್ ಮರೆತ್ರೂ ಫಾರ್ಮ್ಯಾಟ್, ಹಾರ್ಡ್ ಡಿಸ್ಕ್ ಸಾಯಾಕತ್ತಿದ್ರೂ ಫಾರ್ಮ್ಯಾಟ್. ನೆಗಡಿಗೂ ಅದ ಗುಳಿಗಿ, ಎದಿನೋವಿಗೂ ಅದ ಗುಳಿಗಿ.

ಈ ಏಳು ಪೋಸ್ಟಿನಾಗ ನಾ ಹೇಳೂದು ಒಂದ ಮಾತು. ಡಿಸ್ಕ್ ಕೆಡಾಕತ್ತೈತಿ ಅಂತ ಗೊತ್ತಾದ ಮ್ಯಾಲೆ ಅದರ ಮ್ಯಾಲೆ ಒಂದಕ್ಷರಾನೂ ಬರೀಬ್ಯಾಡ್ರಿ. ಮೊದಲು ಪೂರಾ ನಕಲು. ಉಳಿದದ್ದೆಲ್ಲಾ ಆಮೇಲೆ.

2/7
ಯಾಕಿಷ್ಟು ಸಿಟ್ಟು ಅಂತೀರಿ? ನಂದ ಹೋಗೈತಿ, ಅದಕ್ಕ.

ಪ್ರಾಜೆಕ್ಟಿಗೆ ಅಂತ ನಮ್ಮಜ್ಜಿ ಹಾಡಿದ ಬೀಸುಕಲ್ಲಿನ ಪದ ರೆಕಾರ್ಡ್ ಮಾಡಿದ್ದೆ. ಫೋನಿನಾಗ ಜಾಗ ಇಲ್ಲ ಅಂತ ಲ್ಯಾಪ್‌ಟಾಪಿಗೆ ಹಾಕಿ ಫೋನಿನಿಂದ ಅಳಿಸಿದೆ. ತಿಂಗಳದಾಗ ಡಿಸ್ಕ್ ಟಿಕ್ ಟಿಕ್ ಅನ್ನಾಕ ಹತ್ತಿತು. ಅಂಗಡಿಯಾಗ "ಡೆಸ್ಕ್‌ಟಾಪ್ ಕಾಪಿ ಮಾಡೇನಿ, ಚಿಂತಿ ಬ್ಯಾಡ" ಅಂದ್ರು. ಸುಳ್ಳೇನೂ ಹೇಳಲಿಲ್ಲ. ಡೆಸ್ಕ್‌ಟಾಪ್ ಕಾಪಿ ಆಗಿತ್ತು. ಪದ ಇದ್ದದ್ದು ಬ್ಯಾರೆ ಫೋಲ್ಡರಿನಾಗ. ಅಜ್ಜಿಗೆ ಈಗ ಆ ಪದ ಅರ್ಧ ನೆನಪಿಲ್ಲ.

ತಪ್ಪು ಅವರದೂ ಐತಿ, ನಂದೂ ಐತಿ. ನಾನು ಏನೂ ಕೇಳಲಿಲ್ಲ, ಅವರು ಏನೂ ಹೇಳಲಿಲ್ಲ.

ನಮ್ಮ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಾಗ ಜಾನಪದ ವಿಶ್ವವಿದ್ಯಾಲಯ ಐತಿ, 2011ರಾಗ ಶುರುವಾದದ್ದು. ಹಾಡು, ಕಥಿ ಉಳಿಸಾಕ ಒಂದು ವಿಶ್ವವಿದ್ಯಾಲಯಾನ ಬೇಕಾತು. ಅಂಥದ ಹಾಡು ಅಳಿಸಾಕ ಒಂದು ಕ್ಲಿಕ್ ಸಾಕಾತು.

3/7
ಈಗ ಡಿಸ್ಕ್ ಹೆಂಗ ಸಾಯತೈತಿ ನೋಡ್ರಿ.

ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳಿವೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ತಲೆ ಆ ತಟ್ಟೆಗೆ ತಾಗದೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತದೆ. ಚಾಲೂ ಇದ್ದಾಗ ಲ್ಯಾಪ್‌ಟಾಪ್ ಮಂಚದ ಮೇಲಿಂದ ಬಿತ್ತು ಅಂದ್ರ ತಲೆ ತಟ್ಟೆಗೆ ಬಡಿಯಬಹುದು. ಬೀಳದಿದ್ದರೂ ವರ್ಷ ಕಳೆದಂತೆ ಕೆಲವು ಸೆಕ್ಟರ್ ಓದಾಕ ಬರೂದಿಲ್ಲ.

ಡಿಸ್ಕ್ ಸುಮ್ಮನೆ ಸಾಯೂದು ಕಡಿಮಿ. ಭಾಳ ಸಲ ಮೊದಲ ಹೇಳತೈತಿ. ಅದರೊಳಗೇ 'ಸ್ಮಾರ್ಟ್' ಅನ್ನೋ ಲೆಕ್ಕದ ಪುಸ್ತಕ ಇರುತ್ತದೆ. 'ಕ್ರಿಸ್ಟಲ್‌ಡಿಸ್ಕ್‌ಇನ್ಫೋ' ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದರೆ ಕಾಣುತ್ತದೆ. ನೀಲಿ ಇದ್ರ ಸದ್ಯಕ್ಕ ಸಮಾಧಾನ, ಹಳದಿ ಇದ್ರ ಎಚ್ಚರ, ಕೆಂಪು ಇದ್ರ ಇವತ್ತ ನಕಲು. ಅದರಾಗ 05 ಮತ್ತು ಸಿ5 ಅನ್ನೋ ಎರಡು ಸಾಲು ನೋಡ್ರಿ. 05 ಅಂದ್ರ ಕೆಟ್ಟು ಬದಲಿಸಿದ ಸೆಕ್ಟರ್, ಸಿ5 ಅಂದ್ರ ಓದಾಕ ಬರದೆ ಕಾಯ್ತಾ ಇರೋ ಸೆಕ್ಟರ್. ವಾರದಿಂದ ವಾರಕ್ಕ ಈ ಸಂಖ್ಯೆ ಏರಾಕತ್ತಿದ್ರ ಅದು ಸ್ಲೋ ಅಲ್ಲ, ಸಾವು.

ಈ ಪುಸ್ತಕ ತೆರೆದು ನೋಡದೆ "ಫಾರ್ಮ್ಯಾಟ್" ಅನ್ನೋರು ನಾಡಿ ಹಿಡೀದೆ ಇಂಜೆಕ್ಷನ್ ಚುಚ್ಚೋ ಡಾಕ್ಟರ್ ಇದ್ದಂಗ.

4/7
ಸಾಯೋ ಡಿಸ್ಕಿನಾಗ ಇನ್ನ ಎಷ್ಟು ಸಲ ಓದಾಕ ಆಗತೈತೋ ಯಾರಿಗೂ ಗೊತ್ತಿಲ್ಲ. ಇದ್ದಷ್ಟು ಉಸಿರು ಯಾವುದಕ್ಕ ಖರ್ಚು ಮಾಡ್ತೀರಿ? ಪ್ರಶ್ನೆ ಇದೊಂದ.

ನಾವು ಮಾಡೂದೇನು? ಯೂಟ್ಯೂಬ್ ನೋಡಿ 'ಚೆಕ್‌ಡಿಸ್ಕ್' ಓಡಿಸ್ತೀವಿ. ಕೆಟ್ಟ ಸೆಕ್ಟರ್ ಹುಡುಕೋ ಅದರ ಆಯ್ಕೆ ಇಡೀ ಡಿಸ್ಕನ್ನ ತಿರುವಿ ಹಾಕಿ, ಮೇಲೆ ತಿದ್ದಿ ಬರೆಯುತ್ತದೆ. ಗಟ್ಟಿ ಡಿಸ್ಕಿಗೆ ಅದು ಸರಿ. ಸಾಯೋ ಡಿಸ್ಕಿಗೆ ಅದು ಐಸಿಯುದಾಗ ಇರೋರನ್ನ ಎಬ್ಬಿಸಿ ಓಡಿಸಿದಂಗ. ಡಿಫ್ರಾಗೂ ಬ್ಯಾಡ, ಅದ ಡಿಸ್ಕಿನ ಮ್ಯಾಲೆ ಮತ್ತ ವಿಂಡೋಸ್ ಹಾಕೂದಂತೂ ಬ್ಯಾಡೇ ಬ್ಯಾಡ.

ಮಾಡಬೇಕಾದ್ದು ಇದು. ಲ್ಯಾಪ್‌ಟಾಪ್ ಆಫ್ ಮಾಡಿ. ಪೆನ್‌ಡ್ರೈವಿಗೆ 'ಸಿಸ್ಟಮ್‌ರೆಸ್ಕ್ಯೂ' ಹಾಕಿ ಅದರಿಂದ ಬೂಟ್ ಮಾಡಿ. ಒಳಗೆ 'ಡಿಡಿರೆಸ್ಕ್ಯೂ' ಅಂತ ಇರುತ್ತದೆ, ಪುಕ್ಕಟೆ. ಅದು ಮೊದಲು ಸಲೀಸಾಗಿ ಓದೋ ಭಾಗವನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ, ಹಟ ಮಾಡೋ ಭಾಗಕ್ಕ ಕೊನೀಗೆ ಬರುತ್ತದೆ. ಎಲ್ಲಿವರೆಗೆ ಬಂತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋದ್ರೂ ನಿಂತಲ್ಲಿಂದ ಮುಂದುವರಿಸಬಹುದು. ನಮ್ಮೂರ ಕರೆಂಟಿಗೆ ಹೇಳಿ ಮಾಡಿಸಿದಂಗ ಐತಿ.

ಒಂದ ಎಚ್ಚರ. ಯಾವುದು ಹಳೇದು, ಯಾವುದು ಹೊಸದು ಅಂತ ಮೂರು ಸಲ ನೋಡಿ ಎಂಟರ್ ಒತ್ತಿ. ತಿರುಗಾಮುರುಗಾ ಆದ್ರ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮ್ಯಾಲೆ ಕೂಡತೈತಿ. ಟಿಕ್ ಟಿಕ್ ಸಪ್ಪಳ ಜೋರಾಗಿದ್ರ, ಒಳಗಿರೋದು ಬೆಲೆಬಾಳೋದಿದ್ರ, ನೀವೂ ಮುಟ್ಟಬ್ಯಾಡ್ರಿ. ಡೇಟಾ ರಿಕವರಿ ಮಾಡೋರ ಹತ್ರ ಒಯ್ಯಿರಿ.

5/7
"ಫೈಲ್ ಅಷ್ಟ ಕಾಪಿ ಮಾಡಿದ್ರ ಆತಲ್ಲ, ಇಡೀ ವಿಂಡೋಸ್ ಯಾಕ ಹೊರಬೇಕು?"

ಯಾಕಂದ್ರ ನಿಮ್ಮ ಕೆಲಸ ಬರೇ ಡೆಸ್ಕ್‌ಟಾಪ್ ಮ್ಯಾಲೆ ಇಲ್ಲ. ಅಡತಿ ಅಂಗಡಿಯ ಟ್ಯಾಲಿ ಲೆಕ್ಕ ಭಾಳ ಸಲ ಡಾಕ್ಯುಮೆಂಟ್ಸ್ ಫೋಲ್ಡರಿನಾಗ ಇರೂದ ಇಲ್ಲ, ಸಿ ಡ್ರೈವಿನ ಬ್ಯಾರೆ ಮೂಲಿಯಾಗ ಇರತೈತಿ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಹಳೇ ಪದ್ಧತಿಯೊಳಗ ಟೈಪ್ ಮಾಡಿದ ಫೈಲನ್ನ, ಆ ಫಾಂಟ್ ಇಲ್ಲದ ಹೊಸ ವಿಂಡೋಸಿನಾಗ ತೆಗೆದು ನೋಡ್ರಿ. ಕನ್ನಡ ಇದ್ದ ಜಾಗದಾಗ ಯಾವ ಭಾಷೆಯೂ ಅಲ್ಲದ ಅಕ್ಷರದ ಚಿತ್ರಾನ್ನ. ಫೈಲ್ ಕೆಟ್ಟಿಲ್ಲ, ಫಾಂಟ್ ಹೋಗೈತಿ. ಆದ್ರ ಹೆದರಿ ಅದನ್ನ ಡಿಲೀಟ್ ಮಾಡಿದೋರನ್ನ ನಾ ನೋಡೇನಿ.

ಡಿಸ್ಕ್ ಇನ್ನೂ ಹಳದಿಯಲ್ಲೇ ಇದ್ದರೆ ತೈವಾನಿನವರು ಮಾಡಿದ 'ಕ್ಲೋನ್‌ಜಿಲ್ಲಾ' ಸಾಕು. ಇಡೀ ಡಿಸ್ಕನ್ನ ಡಿಸ್ಕಿಗೆ ಎತ್ತಿ ಇಡುತ್ತದೆ. ಸಿ ಡ್ರೈವ್ ಒಂದನ್ನೇ ಎತ್ತಿದರೆ ಬೂಟ್ ಆಗುವುದಿಲ್ಲ, ಬೂಟ್ ಮಾಡಿಸೋ ಸಣ್ಣ ಪಾರ್ಟಿಷನ್ ಬೇರೆ ಇರುತ್ತದೆ. ಹೊಸ ಡಿಸ್ಕ್ ಹಳೇದಕ್ಕಿಂತ ಸಣ್ಣದಿರಬಾರದು. 500 ಜಿಬಿ ಹಾರ್ಡ್ ಡಿಸ್ಕಿಗೆ 480 ಜಿಬಿ ಎಸ್‌ಎಸ್‌ಡಿ ತಂದು ತಲಿಮ್ಯಾಲೆ ಕೈ ಹೊತ್ತು ಕೂಡಬ್ಯಾಡ್ರಿ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಕಲಾದ ಮೇಲೆ ಹಳೇ ಡಿಸ್ಕ್ ಬಿಚ್ಚಿ ತೆಗೆದು, ಹೊಸದೊಂದರಿಂದಲೇ ಮೊದಲ ಸಲ ಬೂಟ್ ಮಾಡಿ.

"ಹೊಸ ವಿಂಡೋಸಿಗೆ ಬ್ಯಾರೆ ರೊಕ್ಕ" ಅಂದ್ರ ನಗ್ರಿ. ಕಂಪನಿಯಿಂದ ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್ ಆದ್ರ, ವಿಂಡೋಸ್ 8ರಿಂದ ಈಚೆಗೆ ಅದರ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಡಿಸ್ಕ್ ಬದಲಿಸಿದ್ರ ಲೈಸೆನ್ಸ್ ಹೋಗೂದಿಲ್ಲ.

6/7
ಕಾಮೆಂಟಿನಾಗ ಬರೂ ಮಾತು ನನಗ ಗೊತ್ತೈತಿ.

"ಹೊಸದಾಗಿ ಹಾಕಿದ್ರ ಸ್ಮೂತ್ ಓಡತೈತಿ." ಖರೆ. ವೈರಸ್ ತುಂಬಿದ್ರ, ನಕಲಿನಾಗ ವಿಂಡೋಸಿನ ಫೈಲ್ ಭಾಳ ಹರಿದಿದ್ರ ಹೊಸದಾಗಿ ಹಾಕೂದ ಸರಿ. ಆದ್ರ ಹೊಸ ಡಿಸ್ಕಿಗೆ, ಹಳೇದರ ನಕಲು ಕೈಯಾಗ ಇಟ್ಕೊಂಡು. ನಾ ಬೈಯೂದು ಹೊಸದಾಗಿ ಹಾಕೂದಕ್ಕಲ್ಲ, ನಕಲಿಲ್ಲದ ಅಳಿಸೂದಕ್ಕ.

"ಅಂಗಡಿಯವರಿಗೆ ಟೈಮ್ ಎಲ್ಲೈತಿ?" ಇದೂ ಖರೆ. ಗಟ್ಟಿ 500 ಜಿಬಿ ಡಿಸ್ಕಿಗೇ ಒಂದೂವರೆ ತಾಸು ಬೇಕು, ಸಾಯೋ ಡಿಸ್ಕ್ ಒಂದೆರಡು ದಿನಾನೂ ತಗೋಬಹುದು. ಆ ಹೊತ್ತಿಗೆ ನಾವು ರೊಕ್ಕ ಕೊಡೂದಿಲ್ಲ, ಚೌಕಾಸಿ ಮಾಡ್ತೀವಿ, "ಸಂಜೀಕ ಬೇಕು" ಅಂತ ಕುತ್ತಿಗಿ ಮ್ಯಾಲೆ ಕೂಡತೀವಿ. ಅವರು ಕಡಿಮಿ ಹೊತ್ತಿನ ದಾರಿ ಹಿಡೀತಾರ. ಅರ್ಧ ಪಾಪ ನಮ್ಮ ಲೆಕ್ಕಕ್ಕ ಬರ್ಕೋರಿ.

"ಹಳೇ ಲ್ಯಾಪ್‌ಟಾಪಿಗೆ ಇಷ್ಟೆಲ್ಲ ಯಾಕ? ವಿಂಡೋಸ್ 10 ಮುಗೀತಲ್ಲ." 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ನಿಂತದ್ದು ಹೌದು. ವಿಂಡೋಸ್ 11ಕ್ಕ ಹಳೇ ಪ್ರೊಸೆಸರ್ ನಡೆಯೂದಿಲ್ಲ ಅನ್ನೂದೂ ಹೌದು. ಹಂಗಂತ ಲ್ಯಾಪ್‌ಟಾಪ್ ಗುಜರಿಗಲ್ಲ. ಅದ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕ್ರಿ. ಕಾಸರಗೋಡಿನ ಸರ್ಕಾರಿ ಶಾಲೆಗಳಲ್ಲಿ ನಮ್ಮಂಗ ಕನ್ನಡದಾಗ ಓದೋ ಹುಡುಗ್ರು ಕಂಪ್ಯೂಟರ್ ಕಲಿಯೂದ ಲಿನಕ್ಸ್ ಮ್ಯಾಲೆ, ಕೇರಳದ ಶಾಲೆಗಳ ಪದ್ಧತಿನ ಅದು. ಅವರಿಗೆ ಬರೂದು ನಮಗ ಬರೂದಿಲ್ಲೇನು?

7/7
ಸವಣೂರಿನ ದೊಡ್ಡಹುಣಸೆ ಮರ ನೋಡೀರಲ್ಲ? 2023ರ ಮಳೆಗಾಲದಾಗ ಮೂರರೊಳಗ ಒಂದು ಉರುಳಿ ಬಿತ್ತು. ಬಿದ್ದದ್ದನ್ನ ಕಡಿದು ಸೌದಿ ಮಾಡಲಿಲ್ಲ, ಎತ್ತಿ ಮತ್ತ ನೆಟ್ಟರು. ಮರಕ್ಕ ಅಷ್ಟು ಮರ್ಯಾದಿ ಕೊಟ್ಟ ಊರಿನವರು ನಾವು. ಅಜ್ಜಿ ದನಿಗೆ, ಅಪ್ಪನ ಲೆಕ್ಕಕ್ಕ, ನಮ್ಮ ಮೂರು ವರ್ಷದ ನೋಟ್ಸಿಗೆ ಅದರಾಗ ಸ್ವಲ್ಪನೂ ಇಲ್ಲೇನು?

ಇನ್ನ ಮ್ಯಾಲೆ ಅಂಗಡಿಗೆ ಹೋದಾಗ ಲ್ಯಾಪ್‌ಟಾಪ್ ಕೈಗೆ ಕೊಡೂ ಮೊದಲು ಮೂರು ಮಾತು ಕೇಳ್ರಿ:
ಒಂದು, "ಅಣ್ಣಾ, ಸ್ಮಾರ್ಟ್ ತೆಗೆದು ತೋರಸ್ರಿ."
ಎರಡು, "ಫಾರ್ಮ್ಯಾಟ್ ಮಾಡೂ ಮೊದಲು ಇಡೀ ಡಿಸ್ಕಿನ ನಕಲು ತೆಗೀತೀರೇನು? ಅದಕ್ಕ ಎಷ್ಟು ಆಗತೈತಿ, ಕೊಡ್ತೀನಿ."
ಮೂರು, "ನನ್ನ ಹಳೇ ಡಿಸ್ಕ್ ನನಗ ವಾಪಸ್ ಕೊಡ್ರಿ."

ಮೂರನೇದು ಮರೀಬ್ಯಾಡ್ರಿ. ಅದರಾಗ ನಿಮ್ಮ ಫೋಟೋ, ಆಧಾರ್, ಪಾಸ್‌ವರ್ಡ್ ಎಲ್ಲಾ ಇನ್ನೂ ಇರಬಹುದು.

ಇದಕ್ಕೂ ಮೊದಲು ಇವತ್ತ ರಾತ್ರಿ ಒಂದು ಕೆಲಸ. ನಿಮಗ ಒಂದ ಒಂದು ಫೋಲ್ಡರ್ ಉಳಿಸಾಕ ಆಗತೈತಿ ಅಂದ್ರ ಯಾವುದು ಉಳಸ್ತೀರಿ? ಅದನ್ನ ಈಗ ಇನ್ನೊಂದು ಕಡೆ ಕಾಪಿ ಮಾಡ್ರಿ. ಮಾಡಿ ಕೆಳಗ "ಆತು" ಅಂತ ಬರೀರಿ.

ನಾನು ಮತ್ತ ಅಜ್ಜಿ ಮುಂದ ಕುಂತೇನಿ. ನೆನಪಿದ್ದ ಅರ್ಧ ಪದ ಹಾಡಿಸಾಕತ್ತೇನಿ. ಈ ಸಲ ಮೂರು ಕಡೆ ಇಡ್ತೀನಿ.

#ಮೊದಲುನಕಲು #ಫಾರ್ಮ್ಯಾಟ್‌ಬ್ಯಾಡ #ಹಾನಗಲ್ಲ #ಶಿಗ್ಗಾಂವಿ #ಸವಣೂರು #ಹಿರೇಕೆರೂರು