ಲೆಕ್ಕ ಬರೆದಿಟ್ಟ ಲೂಟಿ

ಇಂಗ್ಲಿಷಿನ ‘ಲೂಟ್’ ನಮ್ಮ ಲೂಟಿಯೇ. ಹಿಂದಿಯಿಂದ ಹೋದ ಆ ಪದ 1788ರಲ್ಲೇ ಇಂಗ್ಲಿಷ್ ಪದಪಟ್ಟಿಯೊಂದರಲ್ಲಿ ಕಾಣಿಸಿಕೊಂಡಿತ್ತು. 1841ರ ಚೀನಾ ಯುದ್ಧದಿಂದ 1857ರ ದಂಗೆಯವರೆಗಿನ ಅವಧಿಯಲ್ಲಿ ಅದು ಇಂಗ್ಲೆಂಡಿನ ಆಡುಮಾತಿಗೂ ಇಳಿಯಿತೆನ್ನುತ್ತದೆ 1886ರ ಹಾಬ್ಸನ್-ಜಾಬ್ಸನ್ ನಿಘಂಟು.

ನಮ್ಮನ್ನು ದೋಚಿದವರು ದೋಚುವ ಪದವನ್ನೂ ಹೊತ್ತೊಯ್ದರು ಎನ್ನುವುದುಂಟು. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಪದ ಇಲ್ಲಿತ್ತೆಂದರೆ ಕೃತ್ಯವೂ ಇಲ್ಲಿತ್ತು. 1791ರಲ್ಲಿ ಶೃಂಗೇರಿ ಮಠವನ್ನು ಸೂರೆ ಮಾಡಿದ್ದು ಮರಾಠರ ದಂಡಿನವರು. ಮಠದ ಜೀರ್ಣೋದ್ಧಾರಕ್ಕೆ ನೆರವು ಕೊಟ್ಟು ಟಿಪ್ಪು ಬರೆಸಿದ ಕನ್ನಡ ಪತ್ರಗಳು ಇದಕ್ಕೆ ಸಾಕ್ಷಿ.

ಈಸ್ಟ್ ಇಂಡಿಯಾ ಕಂಪನಿಯ ಲೂಟಿಗೆ ಲೆಕ್ಕಪತ್ರವೂ ಇತ್ತು. 1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣ ಕಂಪನಿ ಸೇನೆಯ ಕೈಗೆ ಬಿತ್ತು. ಆ ರಾತ್ರಿ ಸಿಪಾಯಿಗಳು ಮನೆಮನೆಗೆ ನುಗ್ಗಿದರು. ಊರಿನ ಹೊಣೆ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿ ಹೊಡೆಸಿ ಲೂಟಿ ನಿಲ್ಲಿಸಿದ. ಆಮೇಲೆ ಸೇನೆಯೇ ನೇಮಿಸಿದ ಅಧಿಕಾರಿಗಳು ಅರಮನೆಯ ಖಜಾನೆಗೆ ಬೆಲೆ ಕಟ್ಟಿದರು. ಚಿನ್ನದ ತಗಡು ಹೊದಿಸಿದ್ದ ಸಿಂಹಾಸನವನ್ನು ಪಾಲು ಮಾಡಲೆಂದೇ ಒಡೆದರು. ಸೇನಾಪತಿ ಹ್ಯಾರಿಸ್‌ಗೆ ಒಟ್ಟು ಮೊತ್ತದ ಎಂಟನೇ ಒಂದು ಭಾಗ, ಸುಮಾರು 1,43,000 ಪೌಂಡು ಸಂದಿತು. ಸಾಮಾನ್ಯ ಸಿಪಾಯಿಗೆ ಕೆಲವೇ ಪೌಂಡು. ಪಟ್ಟಿಗೆ ಸೇರದೆ ಜೇಬಿಗಿಳಿದದ್ದಕ್ಕೆ ನೇಣು, ಪಟ್ಟಿಗೆ ಸೇರಿದ್ದಕ್ಕೆ ಗೌರವ! ಕಳೆದುಕೊಂಡವರಿಗೆ ಇವೆರಡರಲ್ಲಿ ಯಾವ ವ್ಯತ್ಯಾಸ ಕಂಡೀತು?

1860ರಲ್ಲಿ ಬೀಜಿಂಗಿನ ಬೇಸಿಗೆ ಅರಮನೆಯಲ್ಲೂ ಇದೇ ನಡೆಯಿತು. ಬ್ರಿಟಿಷ್ ಸೇನೆ ದೋಚಿದ ಮಾಲನ್ನು ಹರಾಜು ಹಾಕಿ ಹಣ ಹಂಚಿಕೊಂಡಿತು. ಅಲ್ಲಿ ಸಿಕ್ಕ ಪುಟ್ಟ ನಾಯಿಯೊಂದನ್ನು ಅಧಿಕಾರಿಯೊಬ್ಬ ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಟ್ಟ. ಅದಕ್ಕೆ ಇಟ್ಟ ಹೆಸರು ‘ಲೂಟಿ’. ರಾಣಿಯ ಅರಮನೆಯಲ್ಲಿ ಆ ಹೆಸರು ಹಿಡಿದು ಕರೆಯಲು ಯಾರಿಗೂ ನಾಚಿಕೆಯಾದಂತಿಲ್ಲ.

ಅಂದಿನ ಯುದ್ಧನಿಯಮದಲ್ಲಿ ಇದು ಸಕ್ರಮವೇ ಆಗಿತ್ತೆಂದು ವಾದಿಸುವವರಿದ್ದಾರೆ. ಆ ನಿಯಮ ಮಾಡಿದವರು ಪಾಲು ಪಡೆದವರ ಕಡೆಯವರೇ. ಶ್ರೀರಂಗಪಟ್ಟಣದ ಜನರನ್ನಾಗಲಿ ಬೀಜಿಂಗಿನವರನ್ನಾಗಲಿ ಯಾರೂ ಕೇಳಿರಲಿಲ್ಲ. ನಿಯಮದಿಂದ ಬಗೆಹರಿದದ್ದು ದೋಚಿದವರೊಳಗಿನ ಜಗಳ ಮಾತ್ರ.

ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಿಂಹಾಸನದ ಹುಲಿತಲೆ ರಾಜಮನೆತನದ ಸಂಗ್ರಹದಲ್ಲಿದೆ. ಅವು ಹಿಂದಿರುಗಬೇಕೇ ಎಂಬ ಚರ್ಚೆ ನಡೆಯಲಿ. ಆದರೆ ಯುದ್ಧದ ಪಾಲು, ಉಡುಗೊರೆ ಎಂಬ ಮಾತುಗಳನ್ನು ಬಿಟ್ಟು, ಅವು ಲೂಟಿಯ ಮಾಲೆಂದು ಒಪ್ಪಿಕೊಂಡ ಮೇಲೆ ನಡೆಯಲಿ.