ರೋಗಿಯ ದಾಖಲೆ ಯಾರ ಸೊತ್ತು?

ನಗರದ ಯಾವುದೇ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಕುಳಿತರೆ ಸಾಕು, ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ರಾತ್ರಿ ಬಸ್ಸಿನಲ್ಲಿ ಊರಿನಿಂದ ಬಂದ ಕುಟುಂಬವೊಂದು ಪ್ಲಾಸ್ಟಿಕ್ ಚೀಲದ ತುಂಬ ಹಳೆಯ ಚೀಟಿ, ಎಕ್ಸ್‌ರೇ, ರಕ್ತಪರೀಕ್ಷೆಯ ವರದಿಗಳನ್ನು ಹಿಡಿದು ನಿಂತಿರುತ್ತದೆ. ಕೆಲವು ಚೀಟಿಗಳ ಬರಹ ಮಾಸಿರುತ್ತದೆ, ಮುಖ್ಯವಾದ ವರದಿಯೇ ಕಳೆದುಹೋಗಿರುತ್ತದೆ. ವೈದ್ಯರು ಎಲ್ಲ ಪರೀಕ್ಷೆಗಳನ್ನೂ ಮತ್ತೊಮ್ಮೆ ಮಾಡಿಸಲು ಬರೆದುಕೊಡುತ್ತಾರೆ. ದಿನಗೂಲಿಯನ್ನೇ ನಂಬಿದ ಮನೆಗೆ ಆ ಎರಡನೆಯ ಪರೀಕ್ಷೆಯೆಂದರೆ ಇನ್ನೊಂದು ಸಾಲ.

ಆಸ್ಪತ್ರೆಗೆ ಕಂಪ್ಯೂಟರ್ ಬಂದ ಮಾತ್ರಕ್ಕೆ ಈ ಕಷ್ಟ ತೀರುವುದಿಲ್ಲ. ಒಂದು ಆಸ್ಪತ್ರೆಯ ತಂತ್ರಾಂಶ ಬರೆದಿಟ್ಟದ್ದನ್ನು ಇನ್ನೊಂದರ ತಂತ್ರಾಂಶ ಓದಲಾರದು. ಆದ್ದರಿಂದಲೇ ಎಲ್ಲರೂ ಒಪ್ಪಿ ನಡೆಯುವ ಮಾನದಂಡಗಳು ಬೇಕಾಗುತ್ತವೆ. ಒಂದು ಕಾಯಿಲೆಗೆ ಎಲ್ಲೆಡೆ ಒಂದೇ ಸಂಕೇತ ನೀಡುವ ‘ಸ್ನೋಮೆಡ್’, ದಾಖಲೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸುವ ಕ್ರಮವನ್ನು ನಿಗದಿಪಡಿಸುವ ‘ಫೈರ್’ ಮುಂತಾದವು ಅಂಥವು. ನಮ್ಮ ದೇಶದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಈ ಮಾನದಂಡಗಳನ್ನು ಮೊದಲು ಪ್ರಕಟಿಸಿದ್ದು 2013ರಲ್ಲಿ. ಅವು 2016ರಲ್ಲಿ ಪರಿಷ್ಕೃತಗೊಂಡವು. ಸಚಿವಾಲಯವು ನೇಮಿಸಿದ ಸಮಿತಿಯ ಕೆಲಸವನ್ನು ಅದರ ಪರವಾಗಿ ಸಂಯೋಜಿಸಿದ್ದು ಉದ್ಯಮಿಗಳ ಸಂಘಟನೆಯಾದ ಫಿಕ್ಕಿ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಜಾರಿಗೆ ಬಂತು. ಇದರಡಿ 14 ಅಂಕಿಗಳ ‘ಆಭಾ’ ಸಂಖ್ಯೆ ಪಡೆದವರು ಈಗ 70 ಕೋಟಿಗೂ ಹೆಚ್ಚು.

ಸರಕಾರ ಮತ್ತು ಉದ್ಯಮ ಕೈಜೋಡಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ತಂತ್ರಾಂಶ ರೂಪಿಸುವವರನ್ನೂ ಆಸ್ಪತ್ರೆ ನಡೆಸುವವರನ್ನೂ ಹೊರಗಿಟ್ಟು ಬರೆದ ಮಾನದಂಡ ಕಡತದಲ್ಲಿಯೇ ಉಳಿದೀತು. ಆದರೆ ಲಾಭವೇ ಗುರಿಯಾಗಿರುವವರೊಡನೆ ಕೈಜೋಡಿಸುವಾಗ ಎಚ್ಚರವೂ ಅಷ್ಟೇ ಅಗತ್ಯ. ಈ ವಿಷಯದಲ್ಲಿ ಅಮೆರಿಕದ ಅನುಭವ ನಮಗೊಂದು ಪಾಠ. ಅಲ್ಲಿನ ಸರಕಾರವು 2009ರ ಕಾಯ್ದೆಯೊಂದರ ಮೂಲಕ ದಾಖಲೆಗಳನ್ನು ಗಣಕೀಕರಿಸುವ ವೈದ್ಯರಿಗೂ ಆಸ್ಪತ್ರೆಗಳಿಗೂ ಶತಕೋಟಿಗಟ್ಟಲೆ ಡಾಲರ್ ಪ್ರೋತ್ಸಾಹಧನ ನೀಡಿತು. ತಂತ್ರಾಂಶದ ಮಾರಾಟ ಭರದಿಂದ ಸಾಗಿತು. ಆದರೆ ಕೆಲವು ಕಂಪೆನಿಗಳೂ ಆಸ್ಪತ್ರೆಗಳೂ ರೋಗಿಯ ಮಾಹಿತಿ ತಮ್ಮ ಆವರಣ ದಾಟದಂತೆ ತಡೆಯುತ್ತಿವೆಯೆಂದು 2015ರಲ್ಲಿ ಸರಕಾರದ ಸಂಸ್ಥೆಯೇ ಅಲ್ಲಿನ ಸಂಸತ್ತಿಗೆ ವರದಿ ಸಲ್ಲಿಸಬೇಕಾಯಿತು. ಮಾಹಿತಿ ಅಂಟಿಕೊಂಡಲ್ಲಿಯೇ ಗಿರಾಕಿಯೂ ಅಂಟಿಕೊಳ್ಳುತ್ತಾನೆಂಬುದು ವ್ಯಾಪಾರದ ಲೆಕ್ಕ. ಕೊನೆಗೆ ಅಂಥ ತಡೆಯನ್ನು ನಿಷೇಧಿಸಲು 2016ರಲ್ಲಿ ಇನ್ನೊಂದು ಕಾಯ್ದೆಯನ್ನೇ ತರಬೇಕಾಯಿತು. ಹಣವನ್ನು ಮೊದಲು ಕೊಟ್ಟು, ಷರತ್ತನ್ನು ಆಮೇಲೆ ನೆನಪಿಸಿಕೊಂಡದ್ದರ ಫಲವಿದು.

ನಮ್ಮಲ್ಲಿಯೂ ದಾಖಲೆಗಳನ್ನು ಈ ಜಾಲಕ್ಕೆ ಜೋಡಿಸುವ ಆಸ್ಪತ್ರೆ, ಪ್ರಯೋಗಾಲಯ ಹಾಗೂ ತಂತ್ರಾಂಶ ಕಂಪೆನಿಗಳಿಗೆ ಗರಿಷ್ಠ 4 ಕೋಟಿ ರೂಪಾಯಿಯವರೆಗೆ ಪ್ರೋತ್ಸಾಹಧನ ನೀಡುವ ಯೋಜನೆ 2023ರ ಜನವರಿಯಿಂದ ಆರಂಭವಾಯಿತು. ರೋಗಿಗೆ ಸಿಗುವ ರಕ್ಷಣೆ ಮಾತ್ರ ಅದೇ ವೇಗದಲ್ಲಿ ಬರಲಿಲ್ಲ. ಆರೋಗ್ಯ ಮಾಹಿತಿಯ ರಕ್ಷಣೆಗೆಂದೇ 2018ರಲ್ಲಿ ಸಿದ್ಧವಾದ ಕರಡು ಮಸೂದೆ ಕಾಯ್ದೆಯಾಗಲೇ ಇಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಆರೋಗ್ಯ ಮಾಹಿತಿಯನ್ನು ಅತಿಸೂಕ್ಷ್ಮವೆಂದು ಪ್ರತ್ಯೇಕಿಸಲಿಲ್ಲ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳನ್ನು ಪಾಲಿಸಲು 18 ತಿಂಗಳ ಕಾಲಾವಕಾಶವನ್ನೂ ಕೊಡಲಾಯಿತು. ಈ ನಡುವೆ, 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಕೆಲಸಗಳನ್ನು ದಿನಗಟ್ಟಲೆ ಕೈಬರಹದಲ್ಲಿಯೇ ನಡೆಸಬೇಕಾಯಿತು. ದೇಶದ ಅಗ್ರಗಣ್ಯ ಆಸ್ಪತ್ರೆಯ ಸ್ಥಿತಿಯೇ ಹೀಗಾದರೆ ತಾಲೂಕು ಕೇಂದ್ರದ ನರ್ಸಿಂಗ್ ಹೋಮ್‌ನ ಗತಿಯೇನು?

ಇನ್ನು ಸಮ್ಮತಿಯ ಪ್ರಶ್ನೆ. ಈ ವ್ಯವಸ್ಥೆಯಲ್ಲಿ ದಾಖಲೆಗಳು ಆಯಾ ಆಸ್ಪತ್ರೆಯಲ್ಲಿಯೇ ಉಳಿಯುತ್ತವೆ, ರೋಗಿ ಒಪ್ಪಿದಾಗ ಮಾತ್ರ ಇನ್ನೊಬ್ಬರಿಗೆ ತಲುಪುತ್ತವೆ ಎಂಬ ಭರವಸೆಯಿದೆ. ತತ್ವವಾಗಿ ಇದು ಸ್ವಾಗತಾರ್ಹ. ಆದರೆ 2021ರಲ್ಲಿ ಕೊರೋನಾ ಲಸಿಕೆಗೆ ಆಧಾರ್ ತೋರಿಸಿದ ಅನೇಕರಿಗೆ, ಅವರನ್ನು ಕೇಳದೆಯೇ ಆರೋಗ್ಯ ಗುರುತಿನ ಸಂಖ್ಯೆ ನೀಡಲಾಗಿದೆಯೆಂಬ ದೂರುಗಳು ಬಂದವು. ಚೀಟಿಯ ಸಾಲಿನಲ್ಲಿ ನಿಂತ ವೃದ್ಧೆಯ ಮೊಬೈಲಿಗೆ ಬಂದ ಒಟಿಪಿಯನ್ನು ಕೌಂಟರಿನವನು ಕೇಳುತ್ತಾನೆ, ಆಕೆ ಹೇಳುತ್ತಾಳೆ. ತಾನು ಯಾವುದಕ್ಕೆ ಒಪ್ಪಿದೆನೆಂಬುದೇ ತಿಳಿಯದ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೇ? ಕ್ಷಯ, ಮಾನಸಿಕ ಕಾಯಿಲೆ, ಗರ್ಭಪಾತದಂತಹ ವಿವರಗಳು ಹೊರಬಿದ್ದರೆ ಒಂದು ಮದುವೆಯ ಮಾತುಕತೆ ಮುರಿದುಬೀಳಬಹುದು, ಒಂದು ನೌಕರಿ ತಪ್ಪಬಹುದು. ಆ ನಷ್ಟವನ್ನು ಯಾವ ಕಂಪೆನಿಯೂ ತುಂಬಿಕೊಡಲಾರದು.

ವಾಸ್ತವದಲ್ಲಿ ಉತ್ತರ ಸರಕಾರದ ಕಡತದಲ್ಲಿಯೇ ಇದೆ. ದಾಖಲೆಯಲ್ಲಿರುವ ಮಾಹಿತಿಯ ಒಡೆಯ ರೋಗಿಯೇ, ಆಸ್ಪತ್ರೆಯು ಅದನ್ನು ಆತನ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದಷ್ಟೆ ಎಂದು 2016ರ ಮಾನದಂಡಗಳು ಹೇಳುತ್ತವೆ. ಈ ಮಾತಿಗೆ ಕಾನೂನಿನ ಬಲ ಬರಬೇಕು. ಸಮ್ಮತಿಯ ಒಕ್ಕಣೆ ಕನ್ನಡದಲ್ಲಿ, ಸಾಮಾನ್ಯರಿಗೆ ಅರ್ಥವಾಗುವಂತೆ ಇರಬೇಕು. ದಾಖಲೆ ಕೊಡಲು ನಿರಾಕರಿಸುವ ಆಸ್ಪತ್ರೆಗೂ ಕಂಪೆನಿಗೂ ದಂಡ ವಿಧಿಸಬೇಕು. ಆಭಾ ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಮಾನದಂಡ ರೂಪಿಸುವ ಸಮಿತಿಗಳಲ್ಲಿ ರೋಗಿಗಳ ಪ್ರತಿನಿಧಿಗಳಿಗೂ ಸ್ಥಾನವಿರಬೇಕು.

ಸರಕಾರ ಎಚ್ಚೆತ್ತುಕೊಳ್ಳುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ರೋಗಿ ಅಥವಾ ಆತನ ಅಧಿಕೃತ ಪ್ರತಿನಿಧಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಿಗೆ ಇದು ಗೊತ್ತು? ಆಭಾ ಸಂಖ್ಯೆ ಕಡ್ಡಾಯವಲ್ಲ, ಐಚ್ಛಿಕವೆಂಬುದು ಎಷ್ಟು ಮಂದಿಗೆ ಗೊತ್ತು? ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದರೆ ಹಿರಿಯರೊಡನೆ ಆಸ್ಪತ್ರೆಗೆ ಹೋಗಲಿ, ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೇಳಲಿ, ಒಟಿಪಿ ಹೇಳುವ ಮುನ್ನ ಯಾತಕ್ಕೆಂದು ವಿಚಾರಿಸಲಿ. ಕೇಳುವವರಿದ್ದಲ್ಲಿ ಮಾತ್ರ ಹಕ್ಕು ಉಳಿಯುತ್ತದೆ. ಆ ಪ್ಲಾಸ್ಟಿಕ್ ಚೀಲದ ಭಾರ ಇಳಿಯಲೇಬೇಕು, ಆದರೆ ಅದರೊಂದಿಗೆ ರೋಗಿಯ ಮಾನ ಬೀದಿಗೆ ಬೀಳಬಾರದು.